ಮನೆಯ ಸೋರ್ಬೆ ಕಲ್ಲಾಗುವುದು ಯಾಕೆ? ಎಲ್ಲ ಇರುವುದು ಸಕ್ಕರೆಯ ಲೆಕ್ಕದಲ್ಲಿ

ಏಪ್ರಿಲ್ ಕೊನೆ ಬಂತೆಂದರೆ ಧಾರವಾಡದ ಸೂಪರ್ ಮಾರ್ಕೆಟ್‌ನಲ್ಲೂ ಹುಬ್ಬಳ್ಳಿಯ ಜನತಾ ಬಜಾರ್‌ನಲ್ಲೂ ಆಪೂಸ್ ಹಣ್ಣಿನ ವಾಸನೆ ಶುರುವಾಗುತ್ತದೆ. ಕೆಲಗೇರಿ ಕಡೆಯ ಹಣ್ಣು, ಹಾನಗಲ್ ಕಡೆಯ ಹಣ್ಣು, ನಡುವೆ ಕಲ್ಮಿ. ಮನೆಗೆ ಎರಡು ಡಜನ್ ಬಂದರೆ ಮೊದಲ ದಿನ ಸೀಕರಣಿ, ಮರುದಿನವೂ ಸೀಕರಣಿ, ಆಮೇಲೆ ಯಾರಾದರೂ ಮೊಬೈಲ್‌ನಲ್ಲಿ ಒಂದು ವಿಡಿಯೊ ತೋರಿಸಿ ಸೋರ್ಬೆ ಮಾಡೋಣ ಎನ್ನುತ್ತಾರೆ. ಹಣ್ಣು ಮಿಕ್ಸಿಗೆ ಹಾಕಿ, ಡಬ್ಬಿಗೆ ಸುರಿದು, ರಾತ್ರಿ ಫ್ರೀಜರ್‌ನಲ್ಲಿಟ್ಟರೆ ಆಯ್ತು ಅಂತ ವಿಡಿಯೊ ಹೇಳುತ್ತದೆ. ಬೆಳಿಗ್ಗೆ ತೆಗೆದು ನೋಡಿದರೆ ಚಮಚ ಬಾಗುತ್ತದೆ, ಸೋರ್ಬೆ ಅಲುಗುವುದಿಲ್ಲ.

ಇದಕ್ಕೆ ಜನ ಫ್ರಿಜ್ಜನ್ನು ಬೈಯುತ್ತಾರೆ, ಇಲ್ಲವೇ ಮಷೀನ್ ಇಲ್ಲದೆ ಇದೆಲ್ಲ ಆಗದ ಕೆಲಸ ಎಂದು ಕೈಬಿಡುತ್ತಾರೆ. ಮಷೀನ್ ಇದ್ದರೆ ಒಳ್ಳೆಯದೇ. ಆದರೆ ಸೋರ್ಬೆ ಕೆಡುವುದು ಹೆಚ್ಚಾಗಿ ಅದಕ್ಕೂ ಮೊದಲೇ, ಸಕ್ಕರೆ ಹಾಕುವಾಗ. ಹಣ್ಣು ಸಿಹಿಯಾಗಿದೆ, ಸಕ್ಕರೆ ಯಾಕೆ ಬೇಕು ಎಂದು ಅರ್ಧಕ್ಕರ್ಧ ಕಡಿಮೆ ಮಾಡುತ್ತೇವಲ್ಲ, ಅಲ್ಲೇ ಅದು ಕಲ್ಲಾಗುವುದು ನಿಶ್ಚಯವಾಗುತ್ತದೆ. ಸೋರ್ಬೆಯಲ್ಲಿ ಸಕ್ಕರೆ ಬರೀ ಸಿಹಿಗಾಗಿ ಇರುವುದಲ್ಲ. ಎಷ್ಟು ನೀರು ಐಸ್ ಆಗಬೇಕು, ಎಷ್ಟು ಆಗಬಾರದು ಎಂಬುದನ್ನು ತೀರ್ಮಾನ ಮಾಡುವುದೇ ಸಕ್ಕರೆ. ಇದೊಂದು ಸರಿಯಾಗಿ ತಲೆಗೆ ಹೋದರೆ ಯಾವ ಹಣ್ಣಿಗೂ ಬೇರೆ ರೆಸಿಪಿ ಹುಡುಕಬೇಕಾಗಿಲ್ಲ.

ಸೋರ್ಬೆ ಎಂದರೆ ಹಣ್ಣು, ನೀರು, ಸಕ್ಕರೆ, ಸ್ವಲ್ಪ ಲಿಂಬೆರಸ, ಚಿಟಿಕೆ ಉಪ್ಪು. ಹಾಲಿಲ್ಲ, ಕೆನೆ ಇಲ್ಲ, ತತ್ತಿ ಇಲ್ಲ. ಐಸ್‌ಕ್ರೀಮಿನಲ್ಲಿ ಹಾಲಿನ ಕೊಬ್ಬು, ಒಳಗೆ ಸೇರಿದ ಗಾಳಿ ಎಲ್ಲ ಸೇರಿ ಅದನ್ನು ಮೆತ್ತಗೆ ಇಡುತ್ತವೆ. ಸೋರ್ಬೆಗೆ ಆ ಆಸರೆ ಇಲ್ಲ, ಭಾರವೆಲ್ಲ ಸಕ್ಕರೆಯ ಮೇಲೆ.

ಬರೀ ನೀರು 0 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವುದು ಎಂದರೆ ನೀರಿನ ಕಣಗಳು ಒಂದಕ್ಕೊಂದು ಕೈಹಿಡಿದು ಸಾಲಾಗಿ ನಿಲ್ಲುವುದು. ಅದರಲ್ಲಿ ಸಕ್ಕರೆ ಕರಗಿದ್ದರೆ, ಸಿದ್ಧಾರೂಢರ ಜಾತ್ರೆಯಲ್ಲಿ ಒಂದು ಮನೆಯವರು ಕೈಹಿಡಿದು ಸಾಲಾಗಿ ಹೋಗಬೇಕೆಂದರೂ ನಡುನಡುವೆ ಬೇರೆಯವರು ನುಗ್ಗಿ ಸಾಲು ಮುರಿಯುವ ಹಾಗೆ, ಸಕ್ಕರೆಯ ಕಣಗಳು ಅಡ್ಡ ಬರುತ್ತವೆ. ಸಾಲು ಕಟ್ಟಲು ಇನ್ನೂ ಜಾಸ್ತಿ ಥಂಡಿ ಬೇಕಾಗುತ್ತದೆ. ನೂರು ಗ್ರಾಂ ಮಿಶ್ರಣದಲ್ಲಿ 28 ಗ್ರಾಂ ಸಕ್ಕರೆ ಇದ್ದರೆ ಅದು ಹೆಪ್ಪುಗಟ್ಟಲು ಶುರು ಮಾಡುವುದೇ ಸುಮಾರು ಮೈನಸ್ 2ರಿಂದ 3 ಡಿಗ್ರಿಯಲ್ಲಿ.

ಶುರು ಮಾಡುವುದು ಎಂದೆ, ಮುಗಿಯುವುದು ಅಲ್ಲ. ಮೊದಲು ಐಸ್ ಆಗುವುದು ಬರೀ ನೀರು, ಸಕ್ಕರೆ ಆ ಹರಳಿನೊಳಗೆ ಹೋಗುವುದಿಲ್ಲ, ಉಳಿದ ನೀರಿನಲ್ಲೇ ನಿಲ್ಲುತ್ತದೆ. ಹಾಗಾಗಿ ಉಳಿದ ನೀರಿನಲ್ಲಿ ಸಕ್ಕರೆಯ ಪ್ರಮಾಣ ಏರುತ್ತದೆ, ಪಾಕ ಗಟ್ಟಿಯಾಗುತ್ತದೆ, ಅದು ಹೆಪ್ಪುಗಟ್ಟಲು ಇನ್ನೂ ಹೆಚ್ಚು ಥಂಡಿ ಕೇಳುತ್ತದೆ. ಹೀಗೆ ಹೋಗಿ ಮನೆಯ ಫ್ರೀಜರಿನ ಮೈನಸ್ 18 ಡಿಗ್ರಿ ತಲುಪಿದಾಗ ಸುಮಾರು ಮುಕ್ಕಾಲು ಪಾಲು ನೀರು ಐಸ್ ಆಗಿರುತ್ತದೆ, ಉಳಿದದ್ದು ದಪ್ಪ ಪಾಕವಾಗಿ ಹರಳುಗಳ ನಡುವೆ ಉಳಿದಿರುತ್ತದೆ. ಚಮಚ ಒಳಗೆ ಇಳಿಯುವುದು ಈ ಪಾಕದಿಂದ. ಸಕ್ಕರೆ ಕಡಿಮೆಯಾದರೆ ಪಾಕ ಕಡಿಮೆ, ಹರಳುಗಳು ಒಂದಕ್ಕೊಂದು ಅಂಟಿ ಗೋಡೆಯಾಗುತ್ತವೆ. ತೀರ ಜಾಸ್ತಿಯಾದರೆ ಎರಡು ದಿನ ಇಟ್ಟರೂ ಗಟ್ಟಿಯಾಗದೆ ಜೋಲುತ್ತದೆ.

ಹಣ್ಣಿನದೂ ಹಾಕಿದ್ದೂ ಸೇರಿ ಒಟ್ಟು ಸಕ್ಕರೆ ನೂರಕ್ಕೆ 25ರಿಂದ 30 ಇರಬೇಕು. ಇಪ್ಪತ್ತಕ್ಕಿಂತ ಕೆಳಗೆ ಹೋದರೆ ಕಲ್ಲು, 35 ದಾಟಿದರೆ ಜೋಲು. ನಾನು 28 ಇಟ್ಟುಕೊಳ್ಳುತ್ತೇನೆ. ಎಲ್ಲರೂ ಮರೆಯುವುದು ಹಣ್ಣಿನಲ್ಲೇ ಇರುವ ಸಕ್ಕರೆಯನ್ನು. ಕಲ್ಲಂಗಡಿಗೂ ಆಪೂಸಿಗೂ ಒಂದೇ ಅಳತೆ ಹಾಕಿದರೆ ಒಂದಾದರೂ ಕೆಟ್ಟೇ ಕೆಡುತ್ತದೆ. ಚೆನ್ನಾಗಿ ಮಾಗಿದ ಆಪೂಸಿನ ತಿರುಳಿನಲ್ಲಿ ನೂರಕ್ಕೆ 16ರಿಂದ 20 ಸಕ್ಕರೆ, ದ್ರಾಕ್ಷಿಯಲ್ಲಿ ಹೆಚ್ಚುಕಡಿಮೆ ಅಷ್ಟೇ, ಕಲ್ಲಂಗಡಿಯಲ್ಲಿ 8 ಅಥವಾ 9, ಲಿಂಬೆರಸದಲ್ಲಿ ಇಲ್ಲವೆಂದೇ ಹೇಳಬೇಕು.

ಆಪೂಸಿನ ಲೆಕ್ಕವನ್ನು ಒಮ್ಮೆ ಪೂರ್ತಿ ಮಾಡಿ ನೋಡೋಣ. 500 ಗ್ರಾಂ ತಿರುಳು ತೆಗೆದುಕೊಳ್ಳಿ. ಅದರಲ್ಲಿ ನೂರಕ್ಕೆ 16 ಎಂದರೆ 80 ಗ್ರಾಂ ಸಕ್ಕರೆ ಆಗಲೇ ಇದೆ. ತಿರುಳು ತುಂಬ ದಪ್ಪ, ಹಾಗೇ ಹೆಪ್ಪುಗಟ್ಟಿಸಿದರೆ ಬಾಯಲ್ಲಿ ಅಂಟುತ್ತದೆ, ಅದಕ್ಕೆ 100 ಗ್ರಾಂ ನೀರು. ಈಗ 600 ಗ್ರಾಂ ಆಯಿತು. ಇದಕ್ಕೆ 120 ಗ್ರಾಂ ಸಕ್ಕರೆ ಸೇರಿಸಿದರೆ ಒಟ್ಟು ತೂಕ 720, ಅದರಲ್ಲಿ ಸಕ್ಕರೆ 200. ಭಾಗಿಸಿ ನೋಡಿ, ನೂರಕ್ಕೆ 28ರ ಹತ್ತಿರ ಬಂತು. ಇಷ್ಟೇ ಗಣಿತ. ಹಣ್ಣು ತುಂಬ ಸಿಹಿಯಾಗಿದ್ದರೆ ಇಪ್ಪತ್ತು ಗ್ರಾಂ ಕಡಿಮೆ ಮಾಡಿ, ಹುಳಿ ಇದ್ದರೆ ಹತ್ತು ಗ್ರಾಂ ಹೆಚ್ಚು ಮಾಡಿ. ಆದರೆ ವಾಟಿಯಲ್ಲಿ ಅಳೆಯಬೇಡಿ, ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ತಂದುಕೊಳ್ಳಿ. ಮಷೀನಿಗೆ ದುಡ್ಡು ಹಾಕುವ ಮೊದಲು ತಕ್ಕಡಿಗೆ ಹಾಕಿದರೆ ಹೆಚ್ಚು ಉಪಯೋಗ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ತಕ್ಕಡಿ ಇಲ್ಲದವರಿಗೆ ಹಳೆಯ ಉಪಾಯ ಒಂದಿದೆ. ತೊಳೆದ ಹಸಿ ತತ್ತಿಯನ್ನು ಸಿಪ್ಪೆ ಸಮೇತ ಮಿಶ್ರಣದೊಳಗೆ ಬಿಡುವುದು. ಸಕ್ಕರೆ ಸಾಲದಿದ್ದರೆ ತತ್ತಿ ಮುಳುಗುತ್ತದೆ, ಸರಿಯಾಗಿದ್ದರೆ ಒಂದು ರೂಪಾಯಿ ನಾಣ್ಯದಷ್ಟು ಸಿಪ್ಪೆ ಮೇಲೆ ಕಾಣುವಂತೆ ತೇಲುತ್ತದೆ. ಇದು ಲಿಂಬೆ, ಕಲ್ಲಂಗಡಿ, ದ್ರಾಕ್ಷಿಯಂಥ ತೆಳು ರಸಕ್ಕೆ ಸರಿ, ಮಾವಿನ ದಪ್ಪ ತಿರುಳಿನಲ್ಲಿ ನಂಬಲಾಗದು. ನಮ್ಮ ಕಡೆ ಬಹಳ ಮನೆಗಳಲ್ಲಿ ತತ್ತಿ ಒಳಗೆ ಬರುವುದೇ ಇಲ್ಲ, ಅವರಿಗೆ ಮತ್ತೆ ತಕ್ಕಡಿಯೇ ಗತಿ.

ಸಕ್ಕರೆ ಹಾಕಿ ರುಚಿ ನೋಡಿದಾಗ, ಅಯ್ಯೋ, ಇಷ್ಟೊಂದು ಸಿಹಿಯಾ ಅನಿಸುತ್ತದೆ. ಅನಿಸಲೇಬೇಕು. ಥಂಡಿಯಲ್ಲಿ ನಾಲಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಕರಗಿದ ಐಸ್‌ಕ್ರೀಮು ಕುಡಿದರೆ ಗಂಟಲು ಕಟ್ಟುವಷ್ಟು ಸಿಹಿ ಎನಿಸುತ್ತದೆ, ಅದನ್ನೇ ಗಟ್ಟಿಯಾಗಿದ್ದಾಗ ಆರಾಮಾಗಿ ತಿಂದಿರುತ್ತೇವೆ, ಅಲ್ವಾ? ಹೊರಗಿಟ್ಟ ಮಿಶ್ರಣ ಸ್ವಲ್ಪ ಹೆಚ್ಚೇ ಸಿಹಿ, ಸ್ವಲ್ಪ ಹೆಚ್ಚೇ ಹುಳಿ ಇದ್ದರೆ ಹೆಪ್ಪುಗಟ್ಟಿದ ಮೇಲೆ ಸರಿಹೋಗುತ್ತದೆ. ಲಿಂಬೆರಸ ಬಿಡಬೇಡಿ. ಆಪೂಸಿಗೆ ಒಂದು ದೊಡ್ಡ ಚಮಚ ಲಿಂಬೆರಸ ಹಾಕಿದರೆ ಸಿಹಿ ತಹಬಂದಿಗೆ ಬರುತ್ತದೆ, ಹಣ್ಣಿನ ಪರಿಮಳ ಎದ್ದು ಕಾಣುತ್ತದೆ. ಚಿಟಿಕೆ ಉಪ್ಪಿನ ಕೆಲಸವೂ ಅದೇ.

ಅಷ್ಟು ಸಿಹಿ ಬೇಡ, ಆದರೆ ಮೆತ್ತಗೂ ಇರಬೇಕು ಎನ್ನುವವರಿಗೆ ದಾರಿ ಇದೆ. 1880ರ ದಶಕದಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಫ್ರಾನ್ಸುವಾ ರಾವೂಲ್ ಇಂಥ ದ್ರಾವಣಗಳನ್ನು ಅಳೆದು ಒಂದು ನಿಯಮ ತೋರಿಸಿಕೊಟ್ಟರು. ಕರಗಿದ್ದು ಯಾವ ವಸ್ತು ಎನ್ನುವುದಕ್ಕಿಂತ ಎಷ್ಟು ಕಣಗಳು ಕರಗಿವೆ ಎನ್ನುವುದೇ ಹೆಪ್ಪುಗಟ್ಟುವ ಬಿಂದುವನ್ನು ಕೆಳಗಿಳಿಸುತ್ತದೆ ಎಂಬುದು ಅದು. ಗ್ಲುಕೋಸಿನ ಕಣ ಸಕ್ಕರೆಯ ಕಣದ ಸುಮಾರು ಅರ್ಧ ತೂಕದ್ದು. ಅಂದರೆ ಅದೇ ಹತ್ತು ಗ್ರಾಮಿನಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಕಣಗಳು, ಎರಡು ಪಟ್ಟು ಕೆಲಸ. ಸಿಹಿ ಮಾತ್ರ ಸಕ್ಕರೆಗಿಂತ ಕಡಿಮೆ. ಹಾಗಾಗಿ 120 ಗ್ರಾಂ ಸಕ್ಕರೆಯ ಬದಲು 90 ಗ್ರಾಂ ಸಕ್ಕರೆ, 30 ಗ್ರಾಂ ಗ್ಲುಕೋಸ್ ಪುಡಿ ಹಾಕಿದರೆ ಸೋರ್ಬೆ ಇನ್ನೂ ಮೆತ್ತಗಾಗುತ್ತದೆ, ಸಿಹಿ ತುಸು ಇಳಿಯುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಗ್ಲುಕೋಸ್ ಪುಡಿಯೇ ಸಾಕು, ಕಿತ್ತಳೆ ಗಿತ್ತಳೆ ರುಚಿ ಸೇರಿಸಿದ್ದು ಬೇಡ. ಜೇನುತುಪ್ಪವೂ ಇದೇ ಕೆಲಸ ಮಾಡುತ್ತದೆ, ಆದರೆ ತನ್ನ ವಾಸನೆಯನ್ನು ಮುಂದೆ ತರುತ್ತದೆ. ಆಪೂಸಿನ ಜೊತೆ ನನಗದು ಇಷ್ಟವಿಲ್ಲ, ಲಿಂಬೆಯ ಜೊತೆ ಬಹಳ ಚೆನ್ನಾಗಿ ಹೊಂದುತ್ತದೆ.

ಸಕ್ಕರೆ ಸರಿಯಾದ ಮೇಲೂ ಒಂದು ತೊಂದರೆ ಉಳಿಯುತ್ತದೆ. ಸೋರ್ಬೆ ಕಲ್ಲಾಗಿರುವುದಿಲ್ಲ, ಆದರೆ ಬಾಯಿಗೆ ಹಾಕಿದರೆ ಮರಳು ಮರಳು. ಅದು ಹರಳಿನ ಗಾತ್ರದ ವಿಷಯ. ಐಸ್ ಹರಳು ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ ದಾಟಿತೆಂದರೆ ನಾಲಗೆ ಅದನ್ನು ಹಿಡಿಯುತ್ತದೆ. ನಿಧಾನವಾಗಿ ಹೆಪ್ಪುಗಟ್ಟಿದರೆ ಕೆಲವೇ ಹರಳುಗಳು ಹುಟ್ಟಿ, ಸಿಕ್ಕ ನೀರನ್ನೆಲ್ಲ ಎಳೆದುಕೊಂಡು ದೊಡ್ಡದಾಗುತ್ತವೆ. ಬೇಗ ಹೆಪ್ಪುಗಟ್ಟಿದರೆ ಒಮ್ಮೆಲೇ ಲೆಕ್ಕವಿಲ್ಲದಷ್ಟು ಹುಟ್ಟುತ್ತವೆ, ಯಾವುದಕ್ಕೂ ಬೆಳೆಯಲು ನೀರು ಉಳಿಯುವುದಿಲ್ಲ. ಮಷೀನ್ ಮಾಡುವುದು ಇಷ್ಟೇ, ಜೋರಾಗಿ ಥಂಡಿ ಮಾಡುತ್ತ ಸತತವಾಗಿ ತಿರುವುತ್ತದೆ.

ನಮ್ಮ ಮನೆಗಳಲ್ಲಿ ಆ ಕೆಲಸವನ್ನು ಮಿಕ್ಸಿಯಿಂದ ಮಾಡಿಸಬಹುದು. ಸಕ್ಕರೆ, ಗ್ಲುಕೋಸನ್ನು ಆ 100 ಗ್ರಾಂ ನೀರಿನಲ್ಲಿ ಬಿಸಿ ಮಾಡಿ ಕರಗಿಸಿ, ಪೂರ್ತಿ ಆರಿಸಿ. ಬಿಸಿ ಪಾಕವನ್ನು ಹಣ್ಣಿಗೆ ಸುರಿಯಬಾರದು, ಆಪೂಸಿನ ಪರಿಮಳ ಕಾವಿಗೆ ಹಾರಿಹೋಗುತ್ತದೆ. ತಿರುಳನ್ನು ಸಾಣಿಗೆಯಲ್ಲಿ ಸೋಸಿ ನಾರು ತೆಗೆಯಿರಿ. ಎಲ್ಲ ಸೇರಿಸಿ, ಮಿಶ್ರಣವನ್ನು ಮೊದಲು ಫ್ರಿಜ್ಜಿನ ಕೆಳಭಾಗದಲ್ಲಿ ನಾಲ್ಕೈದು ತಾಸು ಇಡಿ. ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ಮೇ ತಿಂಗಳ ಸೆಕೆಯಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಇದ್ದದ್ದನ್ನು ನೇರವಾಗಿ ಫ್ರೀಜರಿಗೆ ಇಟ್ಟರೆ ಅದು ಆರುವುದಕ್ಕೇ ಅರ್ಧ ದಿನ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ದೊಡ್ಡ ಹರಳುಗಳಿಗೆ ಬೇಕಾದಷ್ಟು ಸಮಯ ಸಿಗುತ್ತದೆ. ಆಮೇಲೆ ಐಸ್ ಟ್ರೇಗಳಿಗೆ ಸುರಿದು ಫ್ರೀಜರ್‌ನಲ್ಲಿಡಿ. ಸಣ್ಣ ಸಣ್ಣ ತುಂಡುಗಳಾದ್ದರಿಂದ ಬೇಗ ಗಟ್ಟಿಯಾಗುತ್ತವೆ. ಟ್ರೇ ಇಲ್ಲದಿದ್ದರೆ ಅಗಲವಾದ ಸ್ಟೀಲ್ ತಾಟಿನಲ್ಲಿ ಒಂದು ಬೆರಳಿನಷ್ಟು ದಪ್ಪಕ್ಕೆ ಹರಡಿ. ಸ್ಟೀಲ್ ಥಂಡಿಯನ್ನು ಬೇಗ ಒಳಗೆ ಬಿಡುತ್ತದೆ, ಪ್ಲಾಸ್ಟಿಕ್ ಡಬ್ಬಿ ಬಿಡುವುದಿಲ್ಲ.

ಪೂರ್ತಿ ಗಟ್ಟಿಯಾದ ತುಂಡುಗಳನ್ನು ಐದು ನಿಮಿಷ ಹೊರಗಿಟ್ಟು, ಮಿಕ್ಸಿಯ ದೊಡ್ಡ ಜಾರಿಗೆ ಅರ್ಧದಷ್ಟು ಮಾತ್ರ ತುಂಬಿ, ಬಿಟ್ಟು ಬಿಟ್ಟು ತಿರುಗಿಸಿ. ಮೊದಲು ಕಟಕಟ ಸದ್ದು, ಪುಡಿ ಪುಡಿಯಾಗಿ ಜಾರಿನ ಗೋಡೆಗೆ ಅಂಟುತ್ತದೆ. ಚಮಚದಿಂದ ಕೆಳಗೆ ತಳ್ಳಿ ಮತ್ತೆ ತಿರುಗಿಸಿ. ಒಂದು ಹಂತದಲ್ಲಿ ಆ ಪುಡಿಯೆಲ್ಲ ಒಮ್ಮೆಲೇ ಕೂಡಿಕೊಂಡು ಬ್ಲೇಡಿನ ಸುತ್ತ ದಪ್ಪ ಬೆಣ್ಣೆಯ ಹಾಗೆ ಸುತ್ತತೊಡಗುತ್ತದೆ, ಬಣ್ಣವೂ ಒಂದು ಛಾಯೆ ತಿಳಿಯಾಗುತ್ತದೆ, ಯಾಕೆಂದರೆ ಒಳಗೆ ಸ್ವಲ್ಪ ಗಾಳಿ ಸೇರಿರುತ್ತದೆ. ಅಲ್ಲಿಗೇ ನಿಲ್ಲಿಸಿ. ಇನ್ನೂ ತಿರುಗಿಸಿದರೆ ಮೋಟಾರಿನ ಕಾವಿಗೆ ಕರಗುತ್ತದೆ, ಕರಗಿದ ನೀರು ಮತ್ತೆ ಹೆಪ್ಪುಗಟ್ಟುವಾಗ ಮರಳೇ. ಫ್ರೀಜರ್‌ನಲ್ಲಿ ಮೊದಲೇ ಥಂಡಿ ಮಾಡಿಟ್ಟ ಸ್ಟೀಲ್ ಡಬ್ಬಿಗೆ ತಕ್ಷಣ ತುಂಬಿ, ಮೇಲೆ ಗಾಳಿ ಉಳಿಯದಂತೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಎರಡು ಮೂರು ತಾಸು ಒಳಗಿಡಿ.

ಮನೆತುಂಬ ಜನ ಇದ್ದಾಗ, ಮಕ್ಕಳಿಗೆ ರಜೆ ಇದ್ದಾಗ, ಐಸ್ ಮತ್ತು ಉಪ್ಪಿನ ಹಳೆಯ ಪದ್ಧತಿಯೇ ಚೆಂದ. ದೊಡ್ಡ ಡಬರಿಯಲ್ಲಿ ಪುಡಿ ಮಾಡಿದ ಐಸ್, ಮೂರು ಪಾಲು ಐಸಿಗೆ ಒಂದು ಪಾಲು ಕಲ್ಲುಪ್ಪು, ನಡುವೆ ಮುಚ್ಚಳ ಭದ್ರವಾಗಿ ಕೂರುವ ಸ್ಟೀಲ್ ಡಬ್ಬಿಯಲ್ಲಿ ಮಿಶ್ರಣ. ಉಪ್ಪು ಹಾಕಿದ ಕೂಡಲೇ ಐಸ್ ಕರಗುತ್ತದೆ, ಇನ್ನು ಥಂಡಿ ಎಲ್ಲಿಂದ ಎಂದು ಮಕ್ಕಳು ಕೇಳುತ್ತಾರೆ. ಅದು ಕರಗುವುದರಿಂದಲೇ ಥಂಡಿ. ಒಂದು ಗ್ರಾಂ ಐಸ್ ನೀರಾಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು, ಅದನ್ನದು ಸುತ್ತಲಿನ ಎಲ್ಲದರಿಂದ, ನಮ್ಮ ಡಬ್ಬಿಯಿಂದಲೂ, ಎಳೆದುಕೊಳ್ಳುತ್ತದೆ. ಉಪ್ಪುನೀರು 0 ಡಿಗ್ರಿಯಲ್ಲಿ ಹೆಪ್ಪುಗಟ್ಟದ ಕಾರಣ ಕರಗುವುದು ನಿಲ್ಲುವುದೇ ಇಲ್ಲ, ಸರಿಯಾಗಿ ಬೆರೆತರೆ ಮೈನಸ್ 21ರವರೆಗೂ ಇಳಿಯಬಲ್ಲದು, ಮನೆಯ ಫ್ರೀಜರಿಗಿಂತ ಥಂಡಿ. ಇದೇ ತತ್ವದ ಮೇಲೆ, ಕೈಯಿಂದ ತಿರುಗಿಸುವ ಐಸ್‌ಕ್ರೀಮ್ ಯಂತ್ರಕ್ಕೆ ಅಮೆರಿಕದಲ್ಲಿ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ 1843ರಲ್ಲಿ ಪೇಟೆಂಟ್ ಪಡೆದರು. ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸುತ್ತ, ಹತ್ತು ನಿಮಿಷಕ್ಕೊಮ್ಮೆ ಹೊರಗೆ ತೆಗೆದು, ಮುಚ್ಚಳದ ಮೇಲಿನ ಉಪ್ಪುನೀರು ಚೆನ್ನಾಗಿ ಒರೆಸಿ, ತೆರೆದು, ಅಂಚಿಗೆ ಕಟ್ಟಿದ ಪದರವನ್ನು ಚಮಚದಿಂದ ಕೆರೆದು ನಡುವೆ ಸೇರಿಸಬೇಕು. ಐಸ್ ಫ್ಯಾಕ್ಟರಿಯ ದೊಡ್ಡ ಗಡ್ಡೆ ತಂದರೆ ಅದನ್ನು ಹೊರಗಿನ ಡಬರಿಗೆ ಮಾತ್ರ ಬಳಸಿ. ಅದು ಕುಡಿಯುವ ನೀರಿನಿಂದ ಮಾಡಿದ್ದೇ ಆಗಿರಬೇಕೆಂದಿಲ್ಲ, ಒಂದು ಚೂರೂ ಒಳಗೆ ಬೀಳಬಾರದು.

ಎಲ್ಲ ಹಣ್ಣೂ ಆಪೂಸಿನಷ್ಟು ಮಾತು ಕೇಳುವುದಿಲ್ಲ. ಕಲ್ಲಂಗಡಿ ನೋಡಿ, ನೂರಕ್ಕೆ ತೊಂಬತ್ತರ ಮೇಲೆ ನೀರು, ದಪ್ಪ ಕೊಡುವ ಪೆಕ್ಟಿನ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. 500 ಗ್ರಾಂ ರಸಕ್ಕೆ 140 ಗ್ರಾಂ ಸಕ್ಕರೆ ಬೇಕು, ಅಷ್ಟಾದರೂ ಮರಳಾಗುವ ಸ್ವಭಾವ ಬಿಡದು. ಒಂದು ಸಣ್ಣ ಚಮಚ ಕಾರ್ನ್‌ಫ್ಲೋರನ್ನು ಅರ್ಧ ವಾಟಿ ರಸದಲ್ಲಿ ಕಲಸಿ ಕುದಿಸಿ, ಆರಿಸಿ, ಉಳಿದ ರಸಕ್ಕೆ ಸೇರಿಸಿದರೆ ಹರಳು ಬೆಳೆಯುವುದಕ್ಕೆ ತಡೆ ಬೀಳುತ್ತದೆ. ಲಿಂಬೆಗೆ 120 ಗ್ರಾಂ ರಸ, 380 ಗ್ರಾಂ ನೀರು, 190 ಗ್ರಾಂ ಸಕ್ಕರೆ. ಲಿಂಬೆಯ ಹಸಿರು ಸಿಪ್ಪೆಯನ್ನು ಸಣ್ಣಗೆ ತುರಿದು ಆ ಸಕ್ಕರೆಯಲ್ಲಿ ಬೆರಳಿನಿಂದ ತಿಕ್ಕಿಟ್ಟರೆ ಎಣ್ಣೆಯ ಘಮವೆಲ್ಲ ಸಕ್ಕರೆಗೆ ಇಳಿಯುತ್ತದೆ, ಕೆಳಗಿನ ಬಿಳಿ ಭಾಗ ಮಾತ್ರ ಬೇಡ, ಕಹಿ.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ್ದು ಪೇರಲದ ಸೋರ್ಬೆ. ಹುಬ್ಬಳ್ಳಿ-ಧಾರವಾಡದ ನಡುವಿನ ನವಲೂರಿನ ಪೇರಲಕ್ಕೆ ಹೆಸರಿದೆ, ಸೀಸನ್ನಿನಲ್ಲಿ ಒಂದು ಬುಟ್ಟಿ ಮನೆಯಲ್ಲಿದ್ದರೆ ಇಡೀ ಮನೆ ಘಮಗುಡುತ್ತದೆ. ಪೇರಲದಲ್ಲಿ ಪೆಕ್ಟಿನ್ ಹೇರಳ, ಹಾಗಾಗಿ ಏನೂ ಸೇರಿಸದೆಯೂ ಸೋರ್ಬೆ ನುಣ್ಣಗೆ ಬರುತ್ತದೆ, ಕೆನೆ ಹಾಕಿದ್ದಾರೇನೋ ಅನಿಸುವಷ್ಟು. ಮಿಕ್ಸಿಯಲ್ಲಿ ತುಸುವೇ ತಿರುಗಿಸಿ, ಬೀಜ ಒಡೆಯಬಾರದು, ಸಾಣಿಗೆಯಲ್ಲಿ ಒತ್ತಿ ಸೋಸಿ. 500 ಗ್ರಾಂ ತಿರುಳಿಗೆ 200 ಗ್ರಾಂ ನೀರು, 210 ಗ್ರಾಂ ಸಕ್ಕರೆ, ಒಂದೂವರೆ ದೊಡ್ಡ ಚಮಚ ಲಿಂಬೆರಸ, ಉಪ್ಪು ಆಪೂಸಿಗಿಂತ ಸ್ವಲ್ಪ ಮುಂದೆ. ಬಡಿಸುವಾಗ ಮೇಲೆ ಬ್ಯಾಡಗಿ ಮೆಣಸಿನಕಾಯಿ ಪುಡಿ ಉದುರಿಸಿ. ಹೆಚ್ಚಿದ ಪೇರಲಕ್ಕೆ ಉಪ್ಪು ಖಾರ ಹಚ್ಚಿ ತಿಂದು ಬೆಳೆದ ಬಾಯಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ಯಾಡಗಿಯದೇ ಆಗಬೇಕು, ಬಣ್ಣ ಕೆಂಪಗೆ, ಪರಿಮಳ ಪೂರ್ತಿ, ಖಾರ ಹದವಾಗಿ. ಗುಂಟೂರು ಪುಡಿ ಹಾಕಿದರೆ ಪೇರಲದ ರುಚಿಯೇ ತಿಳಿಯುವುದಿಲ್ಲ.

ಇಡುವುದರ ಬಗ್ಗೆ ಒಂದು ಮಾತು. ಬೇಸಿಗೆಯಲ್ಲಿ ಕರೆಂಟ್ ಹೋಗುವುದು ಬರುವುದು ಇದ್ದದ್ದೇ. ಪ್ರತಿ ಸಲ ಫ್ರೀಜರ್ ತುಸು ಬಿಸಿಯಾದಾಗ ಸಣ್ಣ ಹರಳುಗಳು ಮೊದಲು ಕರಗುತ್ತವೆ, ಮತ್ತೆ ಥಂಡಿಯಾದಾಗ ಆ ನೀರು ಹೊಸ ಹರಳಾಗದೆ ಉಳಿದ ದೊಡ್ಡ ಹರಳುಗಳಿಗೇ ಸೇರುತ್ತದೆ. ಅದಕ್ಕೇ ಮೊದಲ ದಿನ ನುಣ್ಣಗಿದ್ದದ್ದು ವಾರದೊಳಗೆ ಮರಳಾಗುತ್ತದೆ. ಡಬ್ಬಿಯನ್ನು ಫ್ರೀಜರಿನ ಒಳಗೋಡೆಯ ಹತ್ತಿರ ಇಡಿ, ಬಾಗಿಲಿನ ಪಕ್ಕ ಬೇಡ, ಸುಮ್ನೆ ತೆಗೆದು ನೋಡುವುದೂ ಬೇಡ. ಮೂರ್ನಾಲ್ಕು ದಿನದಲ್ಲಿ ತಿಂದು ಮುಗಿಸುವಷ್ಟೇ ಮಾಡಿ. ತಿನ್ನುವ ಹತ್ತು ನಿಮಿಷ ಮೊದಲು ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿಟ್ಟರೆ ಚಮಚ ಹಾಯಾಗಿ ಇಳಿಯುತ್ತದೆ.

ಸಕ್ಕರೆ ಕಾಯಿಲೆ ಇರುವವರು ಮನೆಯಲ್ಲಿದ್ದರೆ ಅವರಿಗೆ ಇದು ಹಣ್ಣಿನ ತಿಂಡಿ ಎಂದು ಧಾರಾಳವಾಗಿ ಬಡಿಸಬೇಡಿ. 80 ಗ್ರಾಮಿನ ಸಣ್ಣ ಬಟ್ಟಲಿನಲ್ಲಿ 22 ಗ್ರಾಂ ಸಕ್ಕರೆ ಇರುತ್ತದೆ, ಅದನ್ನು ಕಡಿಮೆ ಮಾಡಿದರೆ ಮತ್ತೆ ಕಲ್ಲೇ. ಅವರಿಗೆ ಹೆಚ್ಚಿದ ಹಣ್ಣಿನ ನಾಲ್ಕು ಹೋಳು ಕೊಡುವುದು ಮೇಲು.

ಮಾಡಿದ್ದು ಕೆಟ್ಟರೆ ಚೆಲ್ಲಬೇಡಿ. ಸೋರ್ಬೆಯನ್ನು ಕರಗಿಸಿ ಮತ್ತೆ ಹೆಪ್ಪುಗಟ್ಟಿಸಬಹುದು, ಹಾಲಿಲ್ಲದ್ದರಿಂದ ಒಡೆಯುವ ಭಯವಿಲ್ಲ. ಕಲ್ಲಾಗಿದ್ದರೆ ಫ್ರಿಜ್ಜಿನ ಕೆಳಭಾಗದಲ್ಲಿಟ್ಟು ಕರಗಿಸಿ, 700 ಗ್ರಾಮಿಗೆ 25 ಗ್ರಾಮಿನಷ್ಟು ಸಕ್ಕರೆ ಎರಡು ಚಮಚ ಬಿಸಿನೀರಿನಲ್ಲಿ ಕರಗಿಸಿ ಆರಿಸಿ ಸೇರಿಸಿ. ಜೋಲಾಗಿದ್ದರೆ ಸಕ್ಕರೆ ಹಾಕದ ತಿರುಳು ಅಥವಾ ನೀರು ಸೇರಿಸಿ, ಲಿಂಬೆರಸ ಇನ್ನೊಮ್ಮೆ ರುಚಿ ನೋಡಿ. ಮತ್ತೆ ಟ್ರೇ, ಮತ್ತೆ ಮಿಕ್ಸಿ. ಬರೆದಿಟ್ಟುಕೊಳ್ಳಲು ಮರೆಯಬೇಡಿ, ಮುಂದಿನ ಬುಟ್ಟಿಯ ಹಣ್ಣಿಗೆ ಅದೇ ಅಳತೆ ಕೆಲಸಕ್ಕೆ ಬರುತ್ತದೆ.